ಗಾಯ ತಲೆಯಲ್ಲಿ, ತೊಂದರೆ ಸಂತೆಯಲ್ಲಿ: ಮಿದುಳಿಗೆ ಪೆಟ್ಟಾದ ಮಾಜಿ ಸೈನಿಕರ ದಿನಚರಿ

ಸಂಚಿಕೆಯ ಬರಹ ರೂಪ



ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮೂರಿಗೆ ಸೈನ್ಯದಿಂದ ಒಬ್ಬರು ವಾಪಸ್ ಬಂದಿದ್ದಾರೆ ಅಂದ್ಕೊಳ್ಳಿ. ಕೈಕಾಲು ನೆಟ್ಟಗಿದೆ. ಮುಖದಲ್ಲಿ ಗಾಯದ ಗುರುತೂ ಇಲ್ಲ. ಆದರೆ ಮದುವೆಗೆ ಕರೆದರೆ ಬರಲ್ಲ. ಬಂದರೂ ಊಟಕ್ಕೆ ಮುಂಚೆ ಎದ್ದು ಹೋಗ್ತಾರೆ. ಬೆಳಿಗ್ಗೆ ಹೇಳಿದ ಮಾತು ಸಂಜೆಗೆ ನೆನಪಿಲ್ಲ. ಸಣ್ಣದಕ್ಕೆಲ್ಲ ಸಿಡುಕು. ಇಂಥವರನ್ನು ನೋಡಿ ಊರು ಏನನ್ನುತ್ತೆ? "ಮಿಲಿಟ್ರಿಯವರಲ್ವಾ, ಕುಡಿತ ಜಾಸ್ತಿ" ಅನ್ನುತ್ತೆ. ಇಲ್ಲಾಂದ್ರೆ "ಪೆನ್ಶನ್ ಬರುತ್ತೆ, ಅದಕ್ಕೇ ಸೊಕ್ಕು" ಅನ್ನುತ್ತೆ. "ತಲೆಗೆ ಏನಾದ್ರೂ ಪೆಟ್ಟಾಗಿತ್ತಾ?" ಅಂತ ಕೇಳೋರು ಬಹಳ ಕಡಿಮೆ.

ಇವತ್ತಿನ ವಿಷಯ ಅದೇ. ಮಿದುಳಿಗೆ ಗಾಯ ಆದ ಮಾಜಿ ಸೈನಿಕರು, ಗಂಡಸರು ಮತ್ತು ಹೆಂಗಸರು, ದಿನನಿತ್ಯದ ಬದುಕಿನಲ್ಲಿ ಎಲ್ಲೆಲ್ಲಿ ಸಿಕ್ಕಿಬೀಳ್ತಾರೆ? ನಾನು ಇದನ್ನು ದೂರದ ಯುದ್ಧಭೂಮಿಯಿಂದ ಹೇಳಲ್ಲ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ನಾಲ್ಕು ಊರುಗಳ ಮೂಲಕ ಹೇಳ್ತೀನಿ: ಶಿಡ್ಲಘಟ್ಟ, ಗೌರಿಬಿದನೂರು, ಚಿಂತಾಮಣಿ, ಚಿಕ್ಕಬಳ್ಳಾಪುರ.

ಮಡಕೆ ಒಡೆದಿಲ್ಲ, ಮೊಸರು ಒಡೆದಿದೆ

ಮೊದಲು, ಪೆಟ್ಟು ಬಿದ್ದಾಗ ಒಳಗೆ ಏನಾಗುತ್ತೆ ಅನ್ನೋದು. ಮಿದುಳು ಗಟ್ಟಿ ವಸ್ತು ಅಲ್ಲ. ಮಡಕೆಯಲ್ಲಿ ಹೆಪ್ಪಾದ ಮೊಸರಿನ ಥರ ಮೆತ್ತಗಿರುತ್ತೆ. ಮಡಕೆಯನ್ನು ಜೋರಾಗಿ ಕುಲುಕಿದರೆ ಮಡಕೆಗೆ ಬಿರುಕು ಬೀಳದೇ ಇರಬಹುದು, ಆದರೆ ಒಳಗಿನ ಮೊಸರು ಒಡೆದುಹೋಗುತ್ತೆ. ತಲೆಯೂ ಹಾಗೇ. ಬುರುಡೆ ಸರಿಯಾಗಿದ್ದರೂ ಒಳಗೆ ನರಗಳ ಸಣ್ಣ ಎಳೆಗಳು ಜಗ್ಗಿ ಹರಿದಿರಬಹುದು. ಸಿಟಿ ಸ್ಕ್ಯಾನ್ ಬುರುಡೆಯ ಬಿರುಕನ್ನು, ರಕ್ತಸ್ರಾವವನ್ನು ಚೆನ್ನಾಗಿ ತೋರಿಸುತ್ತೆ. ಈ ಎಳೆಗಳ ಹರಿತವನ್ನು ಬಹಳ ಸಲ ತೋರಿಸಲ್ಲ. ಹಾಗಾಗಿ "ಸ್ಕ್ಯಾನ್ ನಾರ್ಮಲ್" ಅಂತ ಬರೆದ ಚೀಟಿ ಕೈಯಲ್ಲಿದ್ದರೂ ಮನುಷ್ಯ ಮೊದಲಿನ ಹಾಗೆ ಇರದೇ ಹೋಗಬಹುದು.

ಪೆಟ್ಟು ಎಷ್ಟು ಜೋರು ಅಂತ ಅಳೆಯೋಕೆ ಡಾಕ್ಟರುಗಳು ಬಳಸೋದು ಗ್ಲಾಸ್ಗೋ ಕೋಮಾ ಸ್ಕೇಲ್. 1974ರಲ್ಲಿ ಗ್ಲಾಸ್ಗೋ ಊರಿನ ಇಬ್ಬರು ನರಶಸ್ತ್ರತಜ್ಞರು ಮಾಡಿದ್ದು. ಕಣ್ಣು ತೆರೀತಾರಾ, ಮಾತಾಡ್ತಾರಾ, ಹೇಳಿದ ಹಾಗೆ ಕೈಕಾಲು ಆಡಿಸ್ತಾರಾ ಅಂತ ನೋಡಿ 3ರಿಂದ 15ರವರೆಗೆ ಅಂಕ ಕೊಡ್ತಾರೆ. 13ರಿಂದ 15 ಬಂದರೆ ಸೌಮ್ಯ, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ಆದರೆ ತೀವ್ರ. ಸೌಮ್ಯ ಪೆಟ್ಟಾದವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ಚೇತರಿಸಿಕೊಳ್ತಾರೆ. ಕೆಲವರಿಗೆ ಮಾತ್ರ ತಲೆನೋವು, ಸುಸ್ತು, ಮರೆವು ವರ್ಷಗಟ್ಟಲೆ ಉಳಿಯುತ್ತೆ.

ಸೈನಿಕರಿಗೆ ಈ ಪೆಟ್ಟು ಗುಂಡಿನಿಂದಲೇ ಆಗಬೇಕಿಲ್ಲ. ನೆಲಬಾಂಬ್ ಸಿಡಿದಾಗ ಬರುವ ಗಾಳಿಯ ಒತ್ತಡ ಸಾಕು. ಗುಡ್ಡದ ರಸ್ತೆಯಲ್ಲಿ ಗಾಡಿ ಮಗುಚೋದು, ತರಬೇತಿಯಲ್ಲಿ ಬೀಳೋದು, ಬಾಕ್ಸಿಂಗ್, ಇವೂ ಕಾರಣ ಆಗ್ತವೆ. ಅಮೆರಿಕದ ಸೇನೆಯಲ್ಲಿ 2000ದಿಂದ ಈಚೆಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿಗೆ ಮಿದುಳು ಗಾಯ ಆಗಿದೆ ಅಂತ ದಾಖಲಾಗಿದೆ. ಅದರಲ್ಲಿ ಹೆಚ್ಚಿನ ಪಾಲು ಸೌಮ್ಯ ಪೆಟ್ಟುಗಳದ್ದೇ. ಇರಾಕ್, ಅಫ್ಘಾನಿಸ್ತಾನ ಯುದ್ಧಗಳ ಗುರುತಿನ ಗಾಯ ಇದೇ ಅಂತ ಅಲ್ಲಿ ಹೇಳ್ತಾರೆ. ನಿವೃತ್ತಿ ಆದ ಮೇಲೂ ಅಪಾಯ ಮುಗಿಯಲ್ಲ. ಭಾರತದಲ್ಲಿ ಮಿದುಳು ಗಾಯಗಳ ಪೈಕಿ ಸುಮಾರು 60% ಆಗೋದು ರಸ್ತೆ ಅಪಘಾತದಿಂದ. ಇದು ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ವರ್ಷಗಳಿಂದ ಹೇಳ್ತಾ ಬಂದಿರೋ ಲೆಕ್ಕ. ಜಿಲ್ಲೆಯ ನಡುವೆ ಹಾದು ಹೋಗೋ ರಾಷ್ಟ್ರೀಯ ಹೆದ್ದಾರಿ 44 ನೆನಪಿಸಿಕೊಳ್ಳಿ, ಅರ್ಥ ಆಗುತ್ತೆ.

ಇನ್ನೊಂದು ಮಾತು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂಗವೈಕಲ್ಯವನ್ನು ನೋಡೋ ಹೊಸ ಚೌಕಟ್ಟು ಕೊಟ್ಟಿತು. ದೇಹದಲ್ಲಿ ಏನು ಕೆಟ್ಟಿದೆ ಅನ್ನೋದು ಒಂದು ಭಾಗ. ಆ ವ್ಯಕ್ತಿ ಯಾವ ಕೆಲಸ ಮಾಡಬಲ್ಲರು ಅನ್ನೋದು ಎರಡನೆಯದು. ಮೂರನೆಯದು ಪಾಲ್ಗೊಳ್ಳುವಿಕೆ: ಮನೆ, ಕೆಲಸ, ಸಂತೆ, ಜಾತ್ರೆ, ಊರ ಪಂಚಾಯ್ತಿ, ಇದರಲ್ಲೆಲ್ಲ ಅವರಿಗೆ ಜಾಗ ಇದೆಯಾ? ಈ ಮೂರನೇ ಪ್ರಶ್ನೆಗೆ ಉತ್ತರ ಸ್ಕ್ಯಾನ್‌ನಲ್ಲಿ ಸಿಗಲ್ಲ. ಊರಲ್ಲೇ ಹುಡುಕಬೇಕು. ಹೊರಡೋಣ.

ಶಿಡ್ಲಘಟ್ಟ: ಹುಳು ಕಾಯಲ್ಲ

ನಮ್ಮದು ಶಿಡ್ಲಘಟ್ಟ ತಾಲೂಕು. ನಮ್ಮ ದೊಡ್ಡಪ್ಪ ಸೈನ್ಯದಲ್ಲಿದ್ದರು. ಗುಡ್ಡಗಾಡಿನ ರಸ್ತೆಯಲ್ಲಿ ಗಾಡಿ ಮಗುಚಿ ತಲೆಗೆ ಪೆಟ್ಟಾಗಿ, ಆಮೇಲೆ ಊರಿಗೆ ಬಂದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಮನೆ ನೋಡ್ಕೊಂಡರು. ಅವರ ಜೊತೆ ಸೊಪ್ಪು ಕೊಯ್ಯುತ್ತಾ ನನಗೆ ಗೊತ್ತಾದ ವಿಷಯ ಏನು ಅಂದ್ರೆ, ಮಿದುಳಿನ ಮುಂಭಾಗಕ್ಕೆ ಪರೀಕ್ಷೆ ಇಡಬೇಕು ಅಂದ್ರೆ ರೇಷ್ಮೆಗಿಂತ ಕಷ್ಟದ ಪ್ರಶ್ನೆಪತ್ರಿಕೆ ಇಲ್ಲ.

ಯೋಚಿಸಿ ನೋಡಿ. ಹುಳು ನಾಲ್ಕು ಸಲ ಜ್ವರಕ್ಕೆ ಕೂರುತ್ತೆ, ಅಂದ್ರೆ ಪೊರೆ ಬಿಡುತ್ತೆ. ಜ್ವರದಲ್ಲಿ ಸೊಪ್ಪು ಹಾಕಬಾರದು. ಎದ್ದ ಮೇಲೆ ತಡ ಮಾಡಬಾರದು. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಸಿಕ್ಕಾಪಟ್ಟೆ ತಿನ್ನುತ್ತೆ. ಆಮೇಲೆ ಹಣ್ಣಾದ ಹುಳುಗಳನ್ನು ಸರಿಯಾದ ಹೊತ್ತಿಗೆ ಚಂದ್ರಿಕೆಗೆ ಬಿಡಬೇಕು. ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕೋದು ತಡವಾದರೆ ಒಳಗಿಂದ ಚಿಟ್ಟೆ ಗೂಡು ಕೊರೆದು ಬರುತ್ತೆ, ದುಡ್ಡು ಹೋಯ್ತು. ತಿಂಗಳ ದುಡಿಮೆಯೆಲ್ಲ ಲೆಕ್ಕ, ನೆನಪು, ಸಮಯದ ಮೇಲೆ ನಿಂತಿದೆ.

ಮಿದುಳಿನ ಮುಂಭಾಗಕ್ಕೆ ಪೆಟ್ಟಾದರೆ ಮೊದಲು ಹೋಗೋದೇ ಇದು. ಮುಂದೇನು ಮಾಡಬೇಕು ಅಂತ ಸಾಲಾಗಿ ಇಟ್ಟುಕೊಳ್ಳೋ ಶಕ್ತಿ. ದೊಡ್ಡಪ್ಪನಿಗೆ ಸೊಪ್ಪು ಕೊಯ್ಯೋದು ಗೊತ್ತಿತ್ತು. ಹುಳು ನೋಡಿದ ತಕ್ಷಣ ಎಷ್ಟನೇ ಜ್ವರ ಅಂತ ಹೇಳ್ತಿದ್ದರು. ಆದರೆ ಮಧ್ಯಾಹ್ನ ಸೊಪ್ಪು ಹಾಕಿದ್ದು ನೆನಪಿರದೆ ಮತ್ತೆ ಹಾಕ್ತಿದ್ದರು, ಇಲ್ಲಾ ಹಾಕಿದೀನಿ ಅಂದ್ಕೊಂಡು ಸುಮ್ಮನಿರ್ತಿದ್ದರು. ಕೆಲಸ ಗೊತ್ತಿರೋದು ಬೇರೆ, ಕೆಲಸವನ್ನು ಹೊತ್ತಿಗೆ ಸರಿಯಾಗಿ ಎತ್ತಿಕೊಳ್ಳೋದು ಬೇರೆ. ನೋಡೋರಿಗೆ ಎರಡನೆಯದು ಸೋಮಾರಿತನದ ಹಾಗೆ ಕಾಣುತ್ತೆ.

ದೊಡ್ಡಮ್ಮ ಕಂಡುಕೊಂಡ ಉಪಾಯ ಬಹಳ ಸರಳ. ಹುಳು ಮನೆ ಬಾಗಿಲಲ್ಲಿ ಒಂದು ಹಲಗೆ, ಸೀಮೆಸುಣ್ಣ. ಸೊಪ್ಪು ಹಾಕಿದ ತಕ್ಷಣ ಒಂದು ಗೀಟು. ಗೀಟು ಇಲ್ಲಾಂದ್ರೆ ಹಾಕಿಲ್ಲ ಅಂತ ಅರ್ಥ. ನೆನಪಿನ ಕೆಲಸವನ್ನು ತಲೆಯಿಂದ ತೆಗೆದು ಹಲಗೆಗೆ ಕೊಟ್ಟರು. ಪುನರ್ವಸತಿ ತಜ್ಞರು ಹೇಳಿಕೊಡೋದೂ ಇದೇ ತತ್ವ: ಹೋದ ನೆನಪನ್ನು ಉರು ಹೊಡೆಸಿ ತರೋದಕ್ಕಿಂತ, ನೆನಪಿನ ಭಾರವನ್ನು ಹೊರಗಿನ ವಸ್ತುವಿನ ಮೇಲೆ ಹೊರಿಸೋದು. ಇವತ್ತಾದರೆ ಆ ಹಲಗೆಯ ಕೆಲಸ ನಿಮ್ಮ ಫೋನಿನ ಅಲಾರಂ ಮಾಡುತ್ತೆ.

ಗೂಡು ಮಾರುಕಟ್ಟೆಗೆ ಮಾತ್ರ ಅವರು ಒಬ್ಬರೇ ಹೋಗ್ತಿರಲಿಲ್ಲ. ಶಿಡ್ಲಘಟ್ಟದ ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ ನೋಡಿದೋರಿಗೆ ಗೊತ್ತು. ಜಾಲರಿಗಳ ಸಾಲು, ರೀಲರುಗಳ ಗಲಾಟೆ, ಹರಾಜು, ತೂಕ, ಎಲ್ಲ ಒಟ್ಟಿಗೆ. ಇ-ಹರಾಜು ಬಂದ ಮೇಲೂ ಜನಜಂಗುಳಿ ಜನಜಂಗುಳಿಯೇ. ಆರೋಗ್ಯವಾಗಿರೋ ಮಿದುಳು ಬೇಡದ ಸದ್ದನ್ನು ತಾನೇ ಬದಿಗೆ ಸರಿಸುತ್ತೆ. ಪೆಟ್ಟಾದ ಮಿದುಳಿಗೆ ಎಲ್ಲ ಸದ್ದೂ ಒಂದೇ ಸಮ ಬಂದು ಬಡಿಯುತ್ತೆ. ಮದುವೆ ಮನೆಯಿಂದ ಎದ್ದು ಹೋಗೋದಕ್ಕೂ ಬಹಳ ಸಲ ಇದೇ ಕಾರಣ. ಅದು ಸೊಕ್ಕಲ್ಲ.

ಗೌರಿಬಿದನೂರು: ರಾತ್ರಿ ಪಾಳಿಯ ಬೆಲೆ

ಮಾಜಿ ಸೈನಿಕರಿಗೆ ಊರಲ್ಲಿ ಸುಲಭವಾಗಿ ಸಿಗೋ ಕೆಲಸ ಯಾವುದು? ಸೆಕ್ಯೂರಿಟಿ. ಗೌರಿಬಿದನೂರಿನ ಕೈಗಾರಿಕಾ ಪ್ರದೇಶದ ಗೇಟಲ್ಲಿ ಆಗಲಿ, ಬೆಳಗಿನ ಟ್ರೈನ್ ಹಿಡಿದು ಬೆಂಗಳೂರಿಗೆ ಹೋಗಿ ಯಾವುದೋ ಅಪಾರ್ಟ್‌ಮೆಂಟಿನಲ್ಲಿ ಆಗಲಿ, ಕೆಲಸ ಹೆಚ್ಚುಕಮ್ಮಿ ಅದೇ. ಹೊರಗಿಂದ ನೋಡಿದರೆ ಕೂತಿರೋ ಕೆಲಸ. ಆದರೆ ಮಿದುಳು ಗಾಯ ಇರೋರಿಗೆ ಇದರಷ್ಟು ಹೊಂದದ ಕೆಲಸ ಇನ್ನೊಂದಿಲ್ಲ.

ಒಂದು, ನಿದ್ದೆ. ಗಾಯಗೊಂಡ ಮಿದುಳಿಗೆ ನಿದ್ದೆಯೇ ಔಷಧಿ. ಪಾಳಿ ಬದಲಾದಂತೆ ನಿದ್ದೆ ಕೆಡುತ್ತೆ. ನಿದ್ದೆಗೆಟ್ಟರೆ ತಲೆನೋವು, ಸಿಟ್ಟು, ಮರೆವು ಹೆಚ್ಚುತ್ತೆ. ಪೆಟ್ಟಾದ ಮೇಲೆ ಫಿಟ್ಸ್ ಬರೋ ಸಂಭವ ಇರೋರಿಗೆ ನಿದ್ದೆಗೇಡು ಇನ್ನೂ ಅಪಾಯ.

ಎರಡು, ಸುಸ್ತು. ನಮ್ಮ ದೇಹದ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲನ್ನು ಮಿದುಳೊಂದೇ ಬಳಸುತ್ತೆ. ಗಾಯ ಆದ ಮಿದುಳು ಅದೇ ಕೆಲಸಕ್ಕೆ ಹೆಚ್ಚು ಒದ್ದಾಡಬೇಕು. ಎರಡು ಗಂಟೆ ಗಮನ ಇಟ್ಟು ಕೂತರೆ ದಿನವೆಲ್ಲ ಗುದ್ದಲಿ ಹಿಡಿದಷ್ಟು ಆಯಾಸ. ಈ ಸುಸ್ತು ಬೆವರಾಗಿ ಹೊರಗೆ ಕಾಣಲ್ಲ. ಹಾಗಾಗಿ "ಡ್ಯೂಟಿಲಿ ತೂಕಡಿಸ್ತಾರೆ" ಅಂತ ದೂರು ಬರುತ್ತೆ, ಕೆಲಸ ಹೋಗುತ್ತೆ. ಸಂಬಳದ ಜೊತೆ "ನಾನು ಶಿಸ್ತಿನ ಮನುಷ್ಯ" ಅನ್ನೋ ನಂಬಿಕೆಯೂ ಹೋಗುತ್ತೆ. ಸೈನಿಕನಿಗೆ ಎರಡನೆಯದು ಹೆಚ್ಚು ನೋವು.

ಮೂರು, ಬಾಟಲು. ಇದನ್ನ ಮುಚ್ಚುಮರೆ ಇಲ್ಲದೆ ಮಾತಾಡಬೇಕು. ಕ್ಯಾಂಟೀನ್ ಕಾರ್ಡ್ ಇರೋ ಮನೆಗೆ "ಅಣ್ಣ, ಒಂದು ರಮ್ ಕೊಡಿಸಿ" ಅಂತ ಬರೋರಿಗೆ ಕೊನೆಯಿಲ್ಲ. ಊರಿನ ಗಂಡಸರ ಜೊತೆ ಬೆರೆಯೋ ದಾರಿಯೂ ಎಷ್ಟೋ ಕಡೆ ಅದೇ ಆಗಿಬಿಟ್ಟಿದೆ. ಆದರೆ ಪೆಟ್ಟಾದ ಮಿದುಳಿಗೆ ಸ್ವಲ್ಪವೇ ಮದ್ಯ ಹೆಚ್ಚು ಏರುತ್ತೆ, ಫಿಟ್ಸ್ ಅಪಾಯ ಹೆಚ್ಚಿಸುತ್ತೆ, ಔಷಧಿ ಜೊತೆ ಸೇರಿ ಕೆಡಿಸುತ್ತೆ. ಅಂದ್ರೆ ಅವರ ಮುಂದಿರೋ ಆಯ್ಕೆ ಏನು? ಕುಡಿದು ಗೆಳೆಯರನ್ನು ಉಳಿಸಿಕೊಳ್ಳೋದು, ಇಲ್ಲಾ ಕುಡೀದೆ ಒಂಟಿಯಾಗೋದು. ಅವರನ್ನು ಟೀ ಅಂಗಡಿಗೆ ಕರೆಯೋ ಒಬ್ಬ ಗೆಳೆಯ ಸಿಕ್ಕರೂ ಈ ಲೆಕ್ಕ ಬದಲಾಗುತ್ತೆ.

ಚಿಂತಾಮಣಿ: ಯಾವ ಭಾಷೆ ಮೊದಲು ಬರುತ್ತೆ?

ಚಿಂತಾಮಣಿ ಕಡೆಯವರಿಗೆ ಇದು ಬೇಗ ಅರ್ಥ ಆಗುತ್ತೆ. ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ. ಸೈನ್ಯಕ್ಕೆ ಹೋದರೆ ಹಿಂದಿ, ಜೊತೆಗೆ ಒಂದಷ್ಟು ಇಂಗ್ಲಿಷ್. ಟೊಮೆಟೊ ಮಂಡಿಯಲ್ಲಿ ಒಂದೇ ವಾಕ್ಯದೊಳಗೆ ಎರಡು ಭಾಷೆ ಓಡಾಡುತ್ತೆ. ಹೀಗೆ ನಾಲ್ಕು ಭಾಷೆಯಲ್ಲಿ ಬದುಕಿದ ಮನುಷ್ಯನ ಮಿದುಳಿನ ಮಾತಿನ ಭಾಗಕ್ಕೆ ಪೆಟ್ಟಾದರೆ?

ಮಾತು ಸಿಗದೆ ಹೋಗೋ ಈ ಸ್ಥಿತಿಗೆ ಅಫೇಸಿಯಾ ಅಂತಾರೆ. ಬುದ್ಧಿ ಇರುತ್ತೆ, ಹೇಳಬೇಕಾದ್ದು ಗೊತ್ತಿರುತ್ತೆ, ಪದ ಮಾತ್ರ ಬಾಯಿಗೆ ಬರಲ್ಲ. ಹಲವು ಭಾಷೆ ಬಲ್ಲವರಲ್ಲಿ ಎಲ್ಲ ಭಾಷೆಯೂ ಒಟ್ಟಿಗೆ ಮರಳಬಹುದು. ಕೆಲವರಲ್ಲಿ ಒಂದು ಮೊದಲು ಬಂದು ಇನ್ನೊಂದು ಹಿಂದೆ ಉಳಿಯುತ್ತೆ. ಯಾವುದು ಮೊದಲು ಅನ್ನೋಕೆ ಒಂದೇ ನಿಯಮ ಇಲ್ಲ. ಕೆಲವರಿಗೆ ತಾಯಿಯ ಭಾಷೆ, ಕೆಲವರಿಗೆ ಪೆಟ್ಟಾಗೋ ಹೊತ್ತಿಗೆ ಹೆಚ್ಚು ಬಳಸ್ತಿದ್ದ ಭಾಷೆ. ಹಾಗಾಗಿ ಇಪ್ಪತ್ತು ವರ್ಷ ಹಿಂದಿಯಲ್ಲಿ ಬದುಕಿದ ಸೈನಿಕ ಅಮ್ಮನ ಹತ್ತಿರ ಹಿಂದಿಯಲ್ಲೇ ನೀರು ಕೇಳಿದರೆ ಅದು ದೊಡ್ಡಸ್ತಿಕೆ ಅಂತ ತಿಳ್ಕೋಬಾರದು. ಆ ಹೊತ್ತಿಗೆ ಅವರ ಕೈಗೆ ಸಿಕ್ಕ ಪದ ಅದೊಂದೇ ಇರಬಹುದು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಮಾತಿನ ತೊಂದರೆಗಳ ಮೇಲೆ ಕೆಲಸ ಮಾಡ್ತಿದೆ. ಅಫೇಸಿಯಾ ಅಳೆಯೋ ಪರೀಕ್ಷೆಯ ಕನ್ನಡ ರೂಪವೂ ಇದೆ. ನೀವು ಚಿಕಿತ್ಸೆಗೆ ಕರ್ಕೊಂಡು ಹೋಗೋದಾದರೆ ಮೊದಲೇ ಹೇಳಿಬಿಡಿ: ಮನೆಯ ಭಾಷೆ ಯಾವುದು, ಶಾಲೆಯದು ಯಾವುದು, ಕೆಲಸದ್ದು ಯಾವುದು. ಮಂಡಿಯಲ್ಲಿ, ಬಸ್‌ಸ್ಟ್ಯಾಂಡಲ್ಲಿ ಮಾತಾಡೋವಾಗ ಅವರ ಪದವನ್ನು ನೀವೇ ಮುಗಿಸೋಕೆ ಹೋಗಬೇಡಿ. ಹತ್ತು ಸೆಕೆಂಡ್ ಕಾಯಿರಿ. ಕಿವುಡರಿಗೆ ಹೇಳೋ ಥರ ಕೂಗಲೂಬೇಡಿ. ಕಿವಿ ಸರಿ ಇದೆ.

ಹೆಣ್ಣುಮಕ್ಕಳ ಲೆಕ್ಕ ಬೇರೆ

ಮಾಜಿ ಸೈನಿಕರು ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಮೀಸೆ ಬರುತ್ತೆ. ಆದರೆ ಸೇನೆಯ ನರ್ಸಿಂಗ್ ಸೇವೆಯಲ್ಲಿ ಹೆಣ್ಣುಮಕ್ಕಳು ನೂರು ವರ್ಷಕ್ಕೂ ಹಿಂದಿನಿಂದ ಇದ್ದಾರೆ. 1992ರಿಂದ ಬೇರೆ ವಿಭಾಗಗಳಲ್ಲೂ ಅಧಿಕಾರಿಗಳಾಗಿದ್ದಾರೆ. 2020ರಲ್ಲಿ ಸುಪ್ರೀಂ ಕೋರ್ಟ್ ಅವರ ಕಾಯಂ ಸೇವೆಯ ಪರವಾಗಿ ತೀರ್ಪು ಕೊಟ್ಟಿತು. 2021ರ ಮೇ ತಿಂಗಳಲ್ಲಿ ಮಿಲಿಟರಿ ಪೊಲೀಸ್ ವಿಭಾಗದ ಮೊದಲ 83 ಮಹಿಳಾ ಸೈನಿಕರು ತರಬೇತಿ ಮುಗಿಸಿ ಹೊರಬಂದದ್ದು ನಮ್ಮ ಪಕ್ಕದ ಬೆಂಗಳೂರಿನಲ್ಲೇ.

ಅವರಿಗೆ ತಲೆಗೆ ಪೆಟ್ಟಾದರೆ ಏನಾಗುತ್ತೆ? ಗಾಯ ಅದೇ, ಆದರೆ ಅಡುಗೆಮನೆ ಕಾದಿರುತ್ತೆ. ಗಂಡಸಿಗೆ "ರೆಸ್ಟ್ ತಗೊಳ್ಳಿ" ಅನ್ನೋ ಮನೆ, ಹೆಂಗಸಿಗೆ ಅದೇ ಮಾತು ಹೇಳೋದು ಅಪರೂಪ. ಅಡುಗೆ ಅಂದ್ರೆ ನಾಲ್ಕು ಕೆಲಸ ಒಟ್ಟಿಗೆ: ಕುಕ್ಕರ್ ವಿಷಲ್ ಎಣಿಸೋದು, ಹಾಲು ನೋಡೋದು, ಮಗುವಿನ ಟಿಫನ್ ಡಬ್ಬಿ, ಅತ್ತೆಯ ಮಾತ್ರೆ. ಗಮನ ಹಂಚೋಕೆ ಆಗದ ಮಿದುಳಿಗೆ ಇದು ಗೂಡು ಮಾರುಕಟ್ಟೆಗಿಂತ ಕಡಿಮೆ ಏನಲ್ಲ. ತಲೆಗೆ ಪೆಟ್ಟಾದ ಕೆಲವರಿಗೆ ವಾಸನೆಯೇ ಗೊತ್ತಾಗಲ್ಲ. ಗ್ಯಾಸ್ ಸೋರಿದರೂ ತಿಳಿಯಲ್ಲ. ಸೀದುಹೋದ ಸಾರಿಗೆ ಬೈಗುಳ ಸಿಗುತ್ತೆ. ಅಡುಗೆಮನೆಯಲ್ಲಿ ಗ್ಯಾಸ್ ಸೋರಿಕೆಯ ಅಲಾರಂ ಹಾಕೋಣ ಅಂತ ಯಾರಿಗೂ ಹೊಳೆಯಲ್ಲ.

ಪೆಟ್ಟಾದ ಮೇಲೆ ಹೆಂಗಸರಲ್ಲಿ ಲಕ್ಷಣಗಳು ಹೆಚ್ಚು, ಹೆಚ್ಚು ದಿನ ಉಳಿಯುತ್ತವೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೂ ಸೈನಿಕರ ಮಿದುಳು ಗಾಯದ ಅಧ್ಯಯನಗಳಲ್ಲಿ ಹೆಚ್ಚಿನವು ನಡೆದಿರೋದು ಗಂಡಸರ ಮೇಲೆ. ತಲೆನೋವು ಅಂದರೆ "ಟೆನ್ಶನ್" ಅಂತಲೂ, ಅಳು ಬಂದರೆ "ಹೆಂಗಸರ ಸ್ವಭಾವ" ಅಂತಲೂ ಪಕ್ಕಕ್ಕೆ ಸರಿಸೋದು ಸುಲಭ. ಗಂಡಸಿನ ಗಾಯ ಸಿಟ್ಟಾಗಿ ಹೊರಗೆ ಬಂದು ಊರಿಗೆಲ್ಲ ಗೊತ್ತಾದರೆ, ಹೆಣ್ಣಿನ ಗಾಯ ಬಹಳ ಸಲ ಮನೆಯ ಬಾಗಿಲು ದಾಟಲ್ಲ.

ಚಿಕ್ಕಬಳ್ಳಾಪುರ: ಕಾಗದದಲ್ಲಿ ಇಲ್ಲದ ಗಾಯ

ಕೊನೆಗೆ ಜಿಲ್ಲಾಕೇಂದ್ರ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ, ಯುಡಿಐಡಿ ಕಾರ್ಡಿಗೆ ವೈದ್ಯಕೀಯ ಮಂಡಳಿ ಮುಂದೆ ಕೂರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳ ಪಟ್ಟಿ ಇದೆ. ಪಾರ್ಕಿನ್ಸನ್ಸ್ ಇದೆ, ಹಿಮೋಫಿಲಿಯಾ ಇದೆ, ಆಸಿಡ್ ದಾಳಿ ಇದೆ. ಪೆಟ್ಟಿನಿಂದಾದ ಮಿದುಳು ಗಾಯ ಅಂತ ಪ್ರತ್ಯೇಕ ಹೆಸರು ಇಲ್ಲ. ಕೈಕಾಲು ಸೋತಿದ್ದರೆ ಚಲನ ವೈಕಲ್ಯ ಅಂತ ಬರುತ್ತೆ. ಅಫೇಸಿಯಾ ಇದ್ದರೆ ವಾಕ್ ಮತ್ತು ಭಾಷಾ ವೈಕಲ್ಯದಲ್ಲಿ ಬರುತ್ತೆ. ಮನಸ್ಸಿನ ಕಾಯಿಲೆಯಾಗಿ ಬೆಳೆದಿದ್ದರೆ ಅದಕ್ಕೂ ಜಾಗ ಇದೆ. ಆದರೆ ಬರೀ ಮರೆವು, ಬರೀ ಸುಸ್ತು, ಬರೀ ಗದ್ದಲ ತಡೆಯಲಾಗದ್ದು ಇದ್ದರೆ, ಸರಳವಾಗಿ ಹೊಂದೋ ಖಾನೆಯೇ ಇಲ್ಲ. ಸರ್ಕಾರಿ ಸವಲತ್ತುಗಳಿಗೆ ಸಾಮಾನ್ಯವಾಗಿ ಕೇಳೋದು ಕನಿಷ್ಠ 40% ವೈಕಲ್ಯ.

ಸೈನ್ಯದ ಕಡೆಯ ಲೆಕ್ಕ ಇನ್ನೊಂದು. ಅಲ್ಲಿ ಮುಖ್ಯ ಪ್ರಶ್ನೆ: ಈ ಗಾಯ ಸೇವೆಯಿಂದ ಆಯ್ತಾ, ಅಥವಾ ಸೇವೆಯಿಂದ ಹೆಚ್ಚಾಯ್ತಾ? ಇದನ್ನು ತೀರ್ಮಾನಿಸೋದು ವೈದ್ಯಕೀಯ ಮಂಡಳಿ ಮತ್ತು ದಾಖಲೆಗಳು. ಪೆಟ್ಟಾದ ದಿನದ ವರದಿ, ಆಸ್ಪತ್ರೆ ಚೀಟಿ, ಬಿಡುಗಡೆ ಪುಸ್ತಕ, ಎಲ್ಲ ಬೇಕು. ಈಗ ಯೋಚಿಸಿ: ಮರೆವಿನ ಕಾಯಿಲೆ ಇರೋ ಮನುಷ್ಯನಿಗೆ ನಾವು ಕೊಡೋ ಮೊದಲ ಕೆಲಸ, ಹಳೇ ಕಾಗದ ನೆನಪಿಟ್ಟು ಹುಡುಕಿ ತರೋದು.

ಕಿರಿಯರಿಗೆ ಇಲ್ಲೊಂದು ಮುಖ್ಯ ವಿಷಯ. 2022ರ ಅಗ್ನಿಪಥ ಯೋಜನೆಯಲ್ಲಿ ಸೇರಿದ ಅಗ್ನಿವೀರರ ಸೇವೆ ನಾಲ್ಕು ವರ್ಷ. ಮೊದಲ ತಂಡ ಹೊರಬರೋದು 2026–27ರಲ್ಲಿ. ಕಾಯಂ ಆಗದೆ ಹೊರಬರೋರಿಗೆ ಪೆನ್ಶನ್ ಇಲ್ಲ, ಮಾಜಿ ಸೈನಿಕರ ಸ್ಥಾನಮಾನ ಇಲ್ಲ, 2003ರಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಕೂಡ ಇಲ್ಲ. ಸೇವೆಯಿಂದಾದ ವೈಕಲ್ಯಕ್ಕೆ ಒಂದು ಸಲದ ಪರಿಹಾರ ಇದೆ: 100%ಗೆ 44 ಲಕ್ಷ, 75%ಗೆ 25 ಲಕ್ಷ, 50%ಗೆ 15 ಲಕ್ಷ ರೂಪಾಯಿ. ಹಾಗಾಗಿ ನಿಮ್ಮ ಕ್ಲಾಸ್‌ಮೇಟ್ ಯಾರಾದರೂ ಸೈನ್ಯದಲ್ಲಿದ್ದರೆ ಇವತ್ತೇ ಈ ಮಾತು ಹೇಳಿ: ತಲೆಗೆ ಪೆಟ್ಟಾಯ್ತು ಅಂದ್ರೆ, ಎಷ್ಟೇ ಸಣ್ಣದಾಗಿರಲಿ, "ಏನಿಲ್ಲ ಬಿಡಿ" ಅನ್ನಬೇಡ, ದಾಖಲೆ ಮಾಡಿಸು. ಬರೆಸದ ಗಾಯವನ್ನು ಆಮೇಲೆ ಸಾಬೀತು ಮಾಡೋದು ಬಹಳ ಕಷ್ಟ.

ನೀವು ಏನು ಮಾಡಬಹುದು?

ಚಿಕಿತ್ಸೆಗೆ ನಮ್ಮ ಅದೃಷ್ಟ, ನಿಮ್ಹಾನ್ಸ್ ದೂರ ಇಲ್ಲ. ಹೊಸೂರು ರಸ್ತೆಯಲ್ಲಿದೆ, ಅಲ್ಲಿ ನರ ಪುನರ್ವಸತಿ ವಿಭಾಗವೂ ಇದೆ. ಮಾಜಿ ಸೈನಿಕರಾದರೆ ಹತ್ತಿರದ ಇಸಿಎಚ್‌ಎಸ್ ಪಾಲಿಕ್ಲಿನಿಕ್ ಮೂಲಕ ಹೋಗಬಹುದು. ಕಾಗದಪತ್ರದ ವಿಷಯಕ್ಕೆ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. ಮನಸ್ಸು ಕುಗ್ಗಿದಾಗ, ನಿದ್ದೆ ಬಾರದಾಗ, ಮನೆಯವರಿಗೇ ಸಾಕಾಗಿಹೋದಾಗ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ತಲೆಗೆ ಪೆಟ್ಟಾದ ತಕ್ಷಣ ವಾಂತಿ, ಹೆಚ್ಚುತ್ತಾ ಹೋಗೋ ತಲೆನೋವು, ಮಂಪರು, ಫಿಟ್ಸ್ ಕಂಡರೆ ಕಾಯಬೇಡಿ, 108.

ಆದರೆ ಆಸ್ಪತ್ರೆ ಮಾಡಲಾಗದ ಕೆಲಸ ಒಂದಿದೆ. ತಿಂಗಳಿಗೊಂದು ಸಲ ನೋಡೋ ಡಾಕ್ಟರು ಅವರನ್ನ ಸಂತೆಗೆ ಕರ್ಕೊಂಡು ಹೋಗಲ್ಲ. ನೀವು ಹೋಗಬಹುದು, ಗದ್ದಲ ಕಡಿಮೆ ಇರೋ ಬೆಳಗಿನ ಹೊತ್ತಿಗೆ. ಅವರ ಫೋನಲ್ಲಿ ಮಾತ್ರೆಯ, ಸೊಪ್ಪಿನ, ಬಸ್ಸಿನ ಅಲಾರಂ ಇಟ್ಟುಕೊಡಬಹುದು. ಹಳೇ ಕಾಗದಗಳ ಫೋಟೊ ತೆಗೆದು ಒಂದೇ ಫೋಲ್ಡರಿಗೆ ಹಾಕಿಕೊಡಬಹುದು. ಒಂದು ಸಲಕ್ಕೆ ಒಂದೇ ವಿಷಯ ಹೇಳಬಹುದು. ಮದುವೆಗೆ ಕರೆಯೋವಾಗ "ದೊಡ್ಡಪ್ಪ, ಮುಹೂರ್ತಕ್ಕೆ ಬನ್ನಿ, ಸುಸ್ತಾದರೆ ನಾನೇ ಮನೆಗೆ ಬಿಡ್ತೀನಿ" ಅನ್ನಬಹುದು. ಈ ಒಂದು ಮಾತಿನಿಂದ ನಮ್ಮ ದೊಡ್ಡಪ್ಪ ಎಷ್ಟೋ ಮದುವೆಗೆ ಬಂದಿದ್ದಾರೆ. ಅರ್ಧ ಗಂಟೆ ಇರ್ತಿದ್ದರು, ಅಕ್ಷತೆ ಹಾಕ್ತಿದ್ದರು, ಹೊರಡ್ತಿದ್ದರು. ಆದರೆ ಬರ್ತಿದ್ದರು.

ಮಿದುಳಿನ ಗಾಯ ಪೂರ್ತಿ ವಾಸಿ ಮಾಡೋ ಔಷಧಿ ಇನ್ನೂ ಬಂದಿಲ್ಲ. ಅವರ ಸುತ್ತಲಿನ ಊರು ಮಾತ್ರ ಇವತ್ತೇ ಸ್ವಲ್ಪ ಬದಲಾಗಬಹುದು. ಬಾಗಿಲಿಗೆ ಒಂದು ಹಲಗೆ, ಮಾತಿಗೆ ಹತ್ತು ಸೆಕೆಂಡ್, ಬಾಟಲಿನ ಬದಲು ಒಂದು ಟೀ. ಇಷ್ಟರಿಂದ ಒಬ್ಬರಿಗೆ ಊರಲ್ಲಿ ತಮ್ಮ ಜಾಗ ವಾಪಸ್ ಸಿಗಬಹುದು.

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇಂಥವರಿದ್ದರೆ ಈ ಸಂಚಿಕೆಯನ್ನ ಅವರ ಮನೆಯವರಿಗೆ ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ. ಬೈಕಲ್ಲಿ ಹೋಗ್ತಾ ಕೇಳ್ತಿದ್ದರೆ ಇಯರ್‌ಫೋನ್ ತೆಗೀರಿ, ಐಎಸ್‌ಐ ಗುರುತಿನ ಪೂರ್ತಿ ಹೆಲ್ಮೆಟ್ ಹಾಕ್ಕೊಳ್ಳಿ, ಬೆಲ್ಟ್ ಬಿಗಿ ಮಾಡ್ಕೊಳ್ಳಿ. ನಮಸ್ಕಾರ.